ಕಣಕ್ಕೆ ಬೂಟು ತಂದವನು

ಸಿಂಧನೂರಿನ ಸ್ಕೇಟಿಂಗ್ ಹುಡುಗರಿಂದ ಫೋನ್ ಬಂದಾಗ ನಾನು ಮಸ್ಕಿಯ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್‌ಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದೆ. "ಅಕ್ಕಾ, ಕಾಕಾ ಹೋಗಿಬಿಟ್ರು. ಹಾರ್ಟ್ ಅಟ್ಯಾಕ್. ಲಿಂಗಸುಗೂರಾಗ ಮಣ್ಣು ಆತು. ಅವರ ಮ್ಯಾಲ ಒಂದು ನೆನಪಿನ ಪುಸ್ತಕ ತರಾಕತ್ತೀವಿ. ನೀವು ಮೊದಲಿನಿಂದ ಇದ್ದೋರು, ಎರಡು ಮಾತು ಬರದು ಕೊಡ್ರಿ" ಎಂದ ಒಬ್ಬ. ಅವನ ಮುಖವನ್ನೂ ನಾನು ನೋಡಿಲ್ಲ. "ಒಳ್ಳೇದೇ ಬರೀಬೇಕೇನು?" ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕ.

ಬರೆದಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಸತ್ತವನ ಹೆಸರು ಬರೆಯುವುದಿಲ್ಲ. ಅವನ ಬೂಟಿನ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ನಮ್ಮಿಂದ ಅವರಿಗೆ ಒಮ್ಮೆ ಆದ ಪುಕ್ಕಟೆ ಪ್ರಚಾರವೇ ಸಾಕು. ಬದುಕಿದ್ದಾಗ ಅವನಿಗೆ ರೀ ಹಚ್ಚಿ ಮಾತಾಡಿದ್ದೇನೆ, ಕಾಕಾ ಎಂದು ಕರೆದಿದ್ದೇನೆ. ಈಗ ಬರೆಯಲು ಕೂತರೆ ಆ ಮರ್ಯಾದೆ ಕೈಗೆ ಬರುತ್ತಿಲ್ಲ. ಇಷ್ಟವಾಗದವರು ಇಲ್ಲಿಗೇ ಓದುವುದು ನಿಲ್ಲಿಸಲಿ.

ಮೊದಲು ಕಣದ ಮಾತು. ಸಿಂಧನೂರಿನಿಂದ ಗೊರೇಬಾಳದ ಕಡೆ ಹೋಗುವ ದಾರಿಯಲ್ಲಿ ಒಂದು ಮುಚ್ಚಿದ ರೈಸ್ ಮಿಲ್ಲಿತ್ತು. ಅದರ ಹಿಂದೆ ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ದೊಡ್ಡ ಕಣ. ಮಳೆ ನೀರು ನಿಲ್ಲದಿರಲೆಂದು ನಡುವೆ ಸ್ವಲ್ಪ ಎತ್ತರ, ಅಂಚಿಗೆ ಇಳಿಜಾರು. ವರ್ಷಗಟ್ಟಲೆ ಭತ್ತ ಹರವಿ, ಎಳೆದು, ಗುಡ್ಡೆ ಮಾಡಿ ಆ ನೆಲ ನುಣ್ಣಗಾಗಿ ಹೋಗಿತ್ತು. ದನ ನುಗ್ಗಬಾರದು, ಕಳ್ಳರು ಹಾರಬಾರದು ಎಂದು ಮಿಲ್ಲಿನ ಯಜಮಾನರು ಸುತ್ತ ಎತ್ತರದ ಗೋಡೆ ಕಟ್ಟಿಸಿದ್ದರು. ರಸ್ತೆಯಲ್ಲಿ ಬಸ್ಸಿನ ಮೇಲೆ ಕೂತು ಹೋಗುವವರಿಗೂ ಒಳಗೆ ಏನು ನಡೆಯುತ್ತಿದೆ ಎಂದು ಕಾಣುತ್ತಿರಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಮಿಲ್ಲು ನಿಂತಿತು. ಅವರ ಹೆಂಡತಿ ಒಬ್ಬರೇ ಅಲ್ಲಿನ ಮನೆಯಲ್ಲಿದ್ದರು. ನೀರಾವರಿ ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು, ಹೊಲ ಕೊಂಡು, ಕ್ಯಾಂಪು ಕಟ್ಟಿಕೊಂಡು ನೆಲೆಸಿದ ಕುಟುಂಬ ಅವರದು. ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದರು. ನಾವು ಅಮ್ಮ ಎನ್ನುತ್ತಿದ್ದೆವು.

ನನ್ನ ಗೆಳತಿ ಸಾವಿತ್ರಿಯ ಅಪ್ಪ ಅಕ್ಕಿ ಲಾರಿಯ ಡ್ರೈವರ್. ಹೈದರಾಬಾದಿನ ಗುಜರಿ ಸಂತೆಯಿಂದ ಒಂದು ಸ್ಕೇಟ್‌ಬೋರ್ಡ್ ತಂದಿದ್ದ. ಏನೆಂದು ಗೊತ್ತಿಲ್ಲದೆ ತಂದದ್ದು. ಸಿಲಿಂಡರ್ ಎಳೆಯಲು ಬಂದೀತು ಅಂತ. ನಾವಿಬ್ಬರೂ ಆಗ ಹೈಸ್ಕೂಲು. ಅದನ್ನು ಓಣಿಯಲ್ಲಿ ಓಡಿಸಿದ ಮೊದಲ ದಿನವೇ ಹಿರಿಯರೊಬ್ಬರು ಸಾವಿತ್ರಿಯ ಅವ್ವನನ್ನು ಕರೆದು, "ಹುಡುಗಿ ಮೈಮ್ಯಾಲ ಖಬರ್ ಇಲ್ಲೇನು?" ಎಂದು ಬುದ್ಧಿ ಹೇಳಿದರು. ಹುಡುಗರಿಗೆ ಬೈಪಾಸ್ ಇತ್ತು, ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿದ ಕಾಲುವೆಯ ಸಿಮೆಂಟು ಇಳಿಜಾರಿತ್ತು. ನಮಗೆ ಏನೂ ಇರಲಿಲ್ಲ. ಹಿಂದೆ ಮಿಲ್ಲಿಗೆ ಭತ್ತದ ಚೀಲ ಇಳಿಸಲು ಬರುತ್ತಿದ್ದ ಪರಿಚಯದ ಮೇಲೆ ಸಾವಿತ್ರಿಯ ಅಪ್ಪನೇ ಅಮ್ಮನನ್ನು ಕೇಳಿದ.

ಅಮ್ಮ ಒಂದೇ ಮಾತು ಹೇಳಿದರು. "ಆಡ್ಕೊಳ್ಳಿ. ಆದ್ರೆ ಅದು ಕಣ. ಅನ್ನ ಒಣಗೋ ಜಾಗಾ. ಚೆಪ್ಪುಲು ಗೇಟ್ ಹತ್ರ ಬಿಡಬೇಕು. ನಮ್ಮ ಯಜಮಾನರೂ ಬಿಡ್ತಿದ್ರು, ಹಮಾಲರೂ ಬಿಡ್ತಿದ್ರು."

ನಾವು ಬಿಟ್ಟೆವು. ಕಾಳು ಹರವುವ ಜಾಗದಲ್ಲಿ ಚಪ್ಪಲಿ ಮೆಟ್ಟಬಾರದು ಎಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಹೀಗೆ ನಾವು ಬರಿಗಾಲಲ್ಲಿ ಸ್ಕೇಟ್ ಮಾಡುವುದನ್ನು ಕಲಿತೆವು. ಬೋರ್ಡಿನ ಮೇಲೆ ಅಂಟಿಸಿದ ಉಸುಕಿನ ಕಾಗದ ಮೊದಮೊದಲು ಅಂಗಾಲನ್ನು ಕೆರೆದು ರಕ್ತ ಬರಿಸುತ್ತಿತ್ತು. ಆಮೇಲೆ ಅಂಗಾಲೇ ದಪ್ಪವಾಯಿತು. ಬೋರ್ಡು ಎಲ್ಲಿ ಬಾಗುತ್ತದೆ, ಚಕ್ರ ಎಲ್ಲಿ ಜಾರುತ್ತದೆ ಎಂದು ಬೆರಳಿಗೇ ತಿಳಿಯುತ್ತಿತ್ತು. ಸಾವಿತ್ರಿ ಕಣದ ಎತ್ತರದಿಂದ ಹೊರಟು ಅಂಚಿನವರೆಗೆ ಬಂದು ಗೋಡೆಗೆ ಇನ್ನೇನು ಬಡಿದಳು ಎನ್ನುವಾಗ ಹಿಮ್ಮಡಿ ಒತ್ತಿ ತಿರುಗುತ್ತಿದ್ದಳು. ದಾವಣಿಯನ್ನು ಸೊಂಟಕ್ಕೆ ಬಿಗಿದಿರುತ್ತಿದ್ದಳು, ಬಾಯಿ ತೆರೆದು ಕೂಗುತ್ತಿದ್ದಳು. ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಬೇರೆ ಎಲ್ಲಿಯೂ ಕೇಳಿಲ್ಲ. ವರ್ಷ ಕಳೆಯುವಷ್ಟರಲ್ಲಿ ಓಣಿಯ ಇನ್ನೂ ಕೆಲವು ಹುಡುಗಿಯರು ಬಂದರು, ಬೋರ್ಡುಗಳೂ ಬಂದವು.

ಆಗ ಅವನು ಬಂದ.

ಬೈಕಿನ ಹಿಂದೆ ಬೂಟಿನ ಡಬ್ಬಿ ಕಟ್ಟಿಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಂಗಡಿಗಳಿಗೆಲ್ಲ ಸುತ್ತುತ್ತಿದ್ದ ಮನುಷ್ಯ. ಓಡುವವರ ಬೂಟು, ಶಾಲೆಯ ಬೂಟು ಮಾಡುವ ಕಂಪನಿಯ ಏರಿಯಾ ಮ್ಯಾನೇಜರ್. ನಲವತ್ತು ದಾಟಿದ ವಯಸ್ಸು, ಕರಿ ಹಚ್ಚಿದ ಮೀಸೆ. ಯಾರನ್ನೇ ಆಗಲಿ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದ. ಪರಿಚಯ ಸ್ವಲ್ಪ ಹಳೆಯದಾದರೆ ಬಗ್ಗಿ ನಿಮ್ಮ ಚಪ್ಪಲಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ನನಗೆ ಆ ಹೆಬ್ಬೆರಳು ಮೊದಲ ದಿನದಿಂದಲೂ ಹಿಡಿಸಲಿಲ್ಲ. ಹೀಗೆಂದು ಈಗ ಹೇಳುತ್ತಿದ್ದೇನೆಯೇ ಎಂದು ಯಾರಾದರೂ ಕೇಳಬಹುದು. ಸಾವಿತ್ರಿಯನ್ನು ಕೇಳಲಿ, ಆಗಲೇ ಅವಳ ಹತ್ತಿರ ಹೇಳಿದ್ದೆ.

ಊರಿನ ಅಂಗಡಿಯಲ್ಲಿ ನಮ್ಮ ಸುದ್ದಿ ಕೇಳಿ ಬಂದಿದ್ದ. ಗೇಟಿನ ಬಳಿ ಸಾಲಾಗಿ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿ ಅದರೊಳಗೆ ತುರುಕಿದ, ಪ್ಯಾಂಟು ಮಡಚಿಕೊಂಡು ಒಳಗೆ ಬಂದ. ಬಿಚ್ಚು ಎಂದು ಯಾರೂ ಹೇಳಿರಲಿಲ್ಲ. ಅಮ್ಮ ಜಗಲಿಯಿಂದಲೇ ನೋಡಿ ಅವನಿಗೆ ಕುರ್ಚಿ ಹಾಕಿಸಿದರು. ಅಷ್ಟು ಜಾಣ.

ಬಂದ ಕೆಲಸವನ್ನು ಅವನು ಮುಚ್ಚಿಡಲಿಲ್ಲ. ಅದೂ ಜಾಣತನವೇ.

"ನೋಡ್ರವಾ, ನಾ ಬೂಟು ಮಾರಾವ. ಆದ್ರ ನಿಮಗ ಮಾರಾಕ ಬಂದಿಲ್ಲ" ಎಂದ. "ನಮ್ಮ ಕಂಪನಿಯವರು ಸ್ಕೇಟಿಂಗ್ ಬೂಟು ಮಾಡಿದ್ರು. ದೊಡ್ಡ ಊರಿನ ಸ್ಕೇಟಿಂಗ್ ಹುಡುಗರು ಅದನ್ನ ನೋಡಿ ನಗ್ತಾರ. ಓಡೋರ ಬೂಟಿನವರು ನಮ್ಮ ಓಣಿಗೆ ಯಾಕ ಬಂದೀರಿ ಅಂತಾರ. ರೊಕ್ಕ ಕೊಟ್ರ ಹಾಕ್ಕೋತಾರ, ಫೋಟೋ ಆದ ಮ್ಯಾಲ ಬಿಚ್ಚಿ ಒಗದು ತಮ್ಮ ಹಳೇ ಬೂಟು ಹಾಕ್ಕೋತಾರ. ಆ ಮಂದಿ ಯಾರನ್ನ ನಂಬ್ತಾರ ಗೊತ್ತೇನು? ತಮ್ಮ ಜೋಡಿ ಬೋರ್ಡಿನಿಂದ ಬಿದ್ದೋರನ್ನ. ಅದಕ್ಕ ನಾ ಮೊದಲ ಬೀಳೋದು ಕಲೀಬೇಕಂತ ಮಾಡೀನಿ."

ಕಲಿತ. ಅದನ್ನು ಇಲ್ಲವೆನ್ನಲಾರೆ. ವಾರದಲ್ಲಿ ಸಿಂಧನೂರಿನ ಸರದಿ ಬಂದಾಗಲೆಲ್ಲ ಅಂಗಡಿಗಳ ಸುತ್ತು ಮುಗಿಸಿ ಸಂಜೆ ಕಣಕ್ಕೆ ಬರುತ್ತಿದ್ದ. ಬೂಟಿನ ಡಬ್ಬಿಗಳು ಗೇಟಿನ ಹೊರಗೆ ಬೈಕಿನ ಮೇಲೇ ಇರುತ್ತಿದ್ದವು. ಒಂದನ್ನೂ ತೆರೆದು ತೋರಿಸಿದವನಲ್ಲ. ಹೊಟ್ಟೆ ಮುಂದಕ್ಕೆ ಹಾಕಿ, ಕೈ ಎರಡೂ ಅಗಲಿಸಿ, ಬೋರ್ಡಿನ ಮೇಲೆ ನಿಂತು, "ಸಾವಿತ್ರೀ, ಹಿಡಿಬೇ!" ಎಂದು ಕೂಗುತ್ತ ಬೀಳುತ್ತಿದ್ದ. ನಾವು ನಕ್ಕರೆ ನಮಗಿಂತ ಜೋರಾಗಿ ನಗುತ್ತಿದ್ದ. ಮಿರ್ಚಿ ಬಜ್ಜಿ ತರುತ್ತಿದ್ದ. ತಾನು ಮಾತ್ರ ಮೆಣಸಿನಕಾಯಿಯನ್ನು ಎಳೆದು ಪಕ್ಕಕ್ಕಿಟ್ಟು ಬರೀ ಹಿಟ್ಟು ತಿನ್ನುತ್ತಿದ್ದ. ಒಮ್ಮೆ ಕೆಟ್ಟದಾಗಿ ಬಿದ್ದು ಕೈ ಮುರಿದುಕೊಂಡ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆವು. ಮುಂದಿನ ಸರದಿಗೆ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಪ್ಯಾಂಟು ಮಡಚಿ, ಬರಿಗಾಲಲ್ಲಿ ಕಣದೊಳಗೆ ಬಂದ. ಅಂದಿನಿಂದ ಅವನು ನಮಗೆ ಸರ್ ಹೋಗಿ ಕಾಕಾ ಆದ.

"ನಂಬಿಕಿ ಅನ್ನೋದು ಹೊಸಾ ಬೂಟಿದ್ದಂಗ. ಮೊದಲ ಕಚ್ಚತೈತಿ. ತಡಕೊಂಡ್ರ ಕಾಲಿಗೆ ಕೂಡತೈತಿ" ಎನ್ನುತ್ತಿದ್ದ. ಇಂಥ ಮಾತು ಅವನ ಬಾಯಲ್ಲಿ ಬಹಳ. ಹೇಳಿ ಮುಗಿಸುವ ಮೊದಲೇ ತಾನೇ ತಲೆ ಆಡಿಸುತ್ತಿದ್ದ.

ನಮ್ಮ ಅಂಗಾಲುಗಳ ಬಗ್ಗೆ ಕೇಳುತ್ತಿದ್ದ. ಎಲ್ಲಿ ಒತ್ತುತ್ತದೆ, ಎಲ್ಲಿ ಉರಿಯುತ್ತದೆ, ತಿರುಗುವಾಗ ಯಾವ ಬೆರಳು ಕೆಲಸ ಮಾಡುತ್ತದೆ. ಓಡುವವರ ಬೂಟಿನ ತಳ ದಪ್ಪ, ಮೆತ್ತಗೆ. ಅದನ್ನು ಹಾಕಿಕೊಂಡರೆ ಕೆಳಗೆ ಬೋರ್ಡು ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಸಾವಿತ್ರಿಯೇ ಅವನಿಗೆ ಹೇಳಿದ್ದು. ಅವನು ಅದನ್ನು ಕಂಪನಿಗೆ ಹೇಳಿದ. ಆಮೇಲೆ ಅವರು ತೆಳ್ಳನೆಯ, ಚಪ್ಪಟೆ ತಳದ ಬೂಟು ಮಾಡಿದರು. ಒಳ್ಳೆಯ ಬೂಟೇ. ಸಾವಿತ್ರಿಯ ಕಾಲಿನ ಬುದ್ಧಿ ಅದರಲ್ಲಿದೆ.

ನಮ್ಮ ಮನೆಗಳ ಬಗ್ಗೆಯೂ ಕೇಳುತ್ತಿದ್ದ. ಬಜ್ಜಿ ತಿನ್ನುತ್ತ ಕೂತಾಗ ನಾನು ನಮ್ಮ ತಾತನ ಸುದ್ದಿ ಹೇಳಿದ್ದೆ. ನಮ್ಮ ಹಳ್ಳಿ ಮುಕ್ಕುಂದದಲ್ಲಿ ತಾತ ಗೌಡರ ಓಣಿ ದಾಟುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದ. ಹೊಲಿದದ್ದು ಅವನೇ, ಹಾಕಿಕೊಳ್ಳುವ ಹಾಗಿರಲಿಲ್ಲ. ನಮ್ಮಪ್ಪ ಓದಿ ನೀರಾವರಿ ಇಲಾಖೆಯಲ್ಲಿ ಗುಮಾಸ್ತನಾದ. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ, ಕೆಳಗೆ ಬೂಟಿನ ಕಪಾಟು. ದಿನಾ ಬೆಳಿಗ್ಗೆ ಬೂಟಿಗೆ ಪಾಲಿಶ್ ಹಚ್ಚಿಯೇ ಆಫೀಸಿಗೆ ಹೋಗುತ್ತಿದ್ದ. ನಾನು ಕಣದಲ್ಲಿ ಬರಿಗಾಲಲ್ಲಿ ಆಡುತ್ತೇನೆಂದು ತಿಳಿದಾಗ ಅಪ್ಪನಿಗೆ ಸಿಟ್ಟು ಬಂದಿತ್ತು. "ಯಾರು ಬಿಚ್ಚಂದ್ರು? ಯಾಕ ಬಿಚ್ಚಂದ್ರು?" ಎಂದು ಕೇಳಿದ. ಅಮ್ಮನ ಮಾತು ಹೇಳಿದೆ. ಅವರೂ ಬಿಡುತ್ತಾರೆಯೇ ಎಂದು ಕೇಳಿದ. ಎಲ್ಲರೂ ಬಿಡುತ್ತಾರೆ ಎಂದೆ. "ಎಲ್ಲಾರೂ ಬಿಟ್ರ ಅದು ಬ್ಯಾರೆ ಮಾತು" ಎಂದ.

ಇದನ್ನೆಲ್ಲ ಕೇಳಿ ಆ ಬೂಟಿನವನ ಕಣ್ಣಲ್ಲಿ ನೀರು ಬಂತು. ನಾನೇ ನೋಡಿದ್ದೇನೆ. ಈಗಲೂ ಆ ಕಣ್ಣೀರು ಸುಳ್ಳು ಎನ್ನುವುದಿಲ್ಲ. ಅತ್ತು ಆದ ಮೇಲೆ ಅದನ್ನು ಎಲ್ಲಿ ಉಪಯೋಗಿಸಬಹುದು ಎಂದೂ ಯೋಚಿಸುವ ಮನುಷ್ಯ ಅವನು.

ಒಂದು ವರ್ಷ ಹೀಗೆ ಕಳೆದ ಮೇಲೆ, "ಕಂಪನಿಯವರು ನಿಮ್ಮ ವಿಡಿಯೋ ಮಾಡ್ತಾರಂತ" ಎಂದ. ಮನೆಗಳಲ್ಲಿ ಒಪ್ಪುವುದೇ ಕಷ್ಟವಿತ್ತು. ಪ್ರತಿ ಮನೆಗೂ ಹೋದ, ನೆಲದ ಮೇಲೆ ಕೂತ, ಚಹಾ ಕುಡಿದ. "ನಮ್ಮ ಹುಡುಗೇರು ಅವರು. ನಾ ನಿಂತು ಮಾಡಸ್ತೀನಿ" ಎಂದ. ಮಾತು ಆದದ್ದು ಇಷ್ಟು: ಕಣದಲ್ಲಿ ಬರಿಗಾಲಿನದು ತೆಗೆಯುವುದು, ಬೂಟಿನದು ಹೊರಗೆ, ಒಣಗಿದ ಕಾಲುವೆಯಲ್ಲಿ ತೆಗೆಯುವುದು. ಅಮ್ಮನಿಗೂ ಹಾಗೆಯೇ ಹೇಳಿದೆವು.

ಕ್ಯಾಮೆರಾದವರು ಬಂದರು. ಬೆಳಿಗ್ಗೆಯಿಂದ ಬರಿಗಾಲಿನದು ತೆಗೆದರು. ನಮ್ಮ ಅಂಗಾಲಿಗೆ ಕ್ಯಾಮೆರಾ ಹಿಡಿದು, ಬಿರಿದ ಹಿಮ್ಮಡಿಗೆ ಹಿಡಿದು, ಮತ್ತೆ ಮತ್ತೆ ತೆಗೆದರು. ಮುಖಕ್ಕಿಂತ ಕಾಲನ್ನೇ ಹೆಚ್ಚು ತೆಗೆಯುತ್ತಿದ್ದಾರೆ ಎಂದು ಸಾವಿತ್ರಿ ನಕ್ಕಳು. ಕಾಲುವೆಗೆ ಹೋಗುವ ಹೊತ್ತಾಗುತ್ತಿದ್ದಂತೆ ಕ್ಯಾಮೆರಾದವನು ಆಕಾಶ ನೋಡಿ ಅವನ ಕಿವಿಯಲ್ಲಿ ಏನೋ ಹೇಳಿದ. ಅವನು ಜಗಲಿಯ ಕಡೆ ಹೋದ. ತಿರುಗಿ ಬಂದು ಗೇಟಿನಿಂದ ಡಬ್ಬಿಗಳನ್ನು ತರಿಸಿದ.

"ಇಲ್ಲೇ ಹಾಕ್ಕೊಂಡುಬಿಡ್ರಿ" ಎಂದ. "ಅಮ್ಮಗ ಕೇಳೀನಿ. ಹೂಂ ಅಂದಾರ."

ಬೇರೆ ಯಾರಾದರೂ ಹೇಳಿದ್ದರೆ ನಾವು ಜಗಲಿಗೆ ಹೋಗಿ ಕೇಳಿ ಬರುತ್ತಿದ್ದೆವು. ವರ್ಷವಿಡೀ ಕಾಲುಚೀಲ ಬಿಚ್ಚಿ ಒಳಗೆ ಬಂದವನು ಹೇಳಿದ. ಕೈ ಮುರಿದುಕೊಂಡವನು ಹೇಳಿದ. ಹಾಕಿಕೊಂಡೆವು. ಹೊಸ ಬೂಟಿನಲ್ಲಿ ಕಣದ ಮೇಲೆ ಬಿಳಿ ಗೆರೆ ಎಳೆಯುತ್ತ ಓಡಿದೆವು. ಅವನೂ ಬೂಟು ಹಾಕಿಕೊಂಡು ನಡುವೆ ನಿಂತು, "ಶಾಬಾಸ್! ಇನ್ನೊಮ್ಮೆ!" ಎಂದು ಚಪ್ಪಾಳೆ ತಟ್ಟಿದ.

ಅಮ್ಮ ಒಳಗೆ ಮಲಗಿದ್ದರು. ಸದ್ದಿಗೆ ಎದ್ದು ಜಗಲಿಗೆ ಬಂದರು. ಅವರನ್ನು ನಾನು ಮೊದಲು ನೋಡಿದೆ. ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದರು. ಬೈಯಲಿಲ್ಲ. ಒಂದು ಗಳಿಗೆ ನಮ್ಮೆಲ್ಲರ ಕಾಲುಗಳನ್ನು ನೋಡಿ ಒಳಗೆ ಹೋದರು. ನಾವು ಬೂಟು ಕಿತ್ತೆಸೆದು ಓಡಿದೆವು. ಬಾಗಿಲು ಹಾಕಿತ್ತು, ಕರೆದರೂ ತೆರೆಯಲಿಲ್ಲ. ಅವನು ಕ್ಯಾಮೆರಾದವರ ಸಾಮಾನು ಕಟ್ಟಿಸುತ್ತಿದ್ದ.

ಮರುದಿನ ಹೋದಾಗ ಗೇಟು ತೆರೆದೇ ಇತ್ತು. ಕಣದ ತುಂಬ ಭತ್ತ. ಅಮ್ಮ ದಢೇಸುಗೂರಿನ ತಮ್ಮ ಹೊಲದ ಭತ್ತವನ್ನು ಟ್ರ್ಯಾಕ್ಟರಿನಲ್ಲಿ ತರಿಸಿ ಈ ಗೋಡೆಯಿಂದ ಆ ಗೋಡೆಯವರೆಗೆ ಹರವಿಸಿದ್ದರು. ಮಿಲ್ಲು ನಿಂತು ವರ್ಷಗಳಾಗಿದ್ದವು, ಅದನ್ನು ಅಲ್ಲಿ ಒಣಗಿಸಬೇಕಾದ ಕೆಲಸವೇ ಇರಲಿಲ್ಲ. ಒಂದು ಹೆಜ್ಜೆ ಇಡಲೂ ಜಾಗ ಬಿಟ್ಟಿರಲಿಲ್ಲ. ಸಾವಿತ್ರಿ ಬೋರ್ಡನ್ನು ಎದೆಗೆ ಅವಚಿಕೊಂಡು ಅಂಚಿನಲ್ಲಿ ನಿಂತು, "ಅಮ್ಮಾ, ತಪ್ಪಾತ್ರಿ. ನಿಮಗ ಕೇಳ್ಯಾರ ಅಂತ ಹೇಳಿದ್ರು" ಎಂದಳು.

"ನನ್ನ ಯಾರೂ ಕೇಳಲಿಲ್ಲಮ್ಮಾ" ಎಂದರು ಅಮ್ಮ. "ಕೇಳಿದ್ರೆ ಬೇಡ ಅಂತಿದ್ದೆ. ಅಷ್ಟೇ ಅಲ್ವಾ? ಕಾಲುವೆಗೆ ಹೋಗ್ತಿದ್ರಿ."

ಭತ್ತ ಒಣಗಿದ ಮೇಲೂ ತೆಗೆಯಲಿಲ್ಲ. ಆ ಭತ್ತ ಹೋದರೆ ಬೇರೆ ಭತ್ತ ಬಂತು. ನಾವು ಒಂದಷ್ಟು ದಿನ ಗೇಟಿನವರೆಗೆ ಹೋಗಿ ನೋಡಿ ಬರುತ್ತಿದ್ದೆವು, ಆಮೇಲೆ ಅದನ್ನೂ ಬಿಟ್ಟೆವು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರು ಇಟ್ಟಿದ್ದೇ ಒಂದು ಕರಾರು.

ವಿಡಿಯೋ ಬಂತು. ಮೊದಲು ನಮ್ಮ ಬಿರಿದ ಹಿಮ್ಮಡಿಗಳು. ಹಿಂದೆ ಕೊಳಲು. ಚಪ್ಪಲಿ ಹಾಕಲಾಗದ ಅಜ್ಜನ ಕಥೆಯನ್ನು ಗಂಭೀರ ದನಿಯಲ್ಲಿ ಯಾರೋ ಹೇಳುತ್ತಾರೆ. ಆಮೇಲೆ ಡಬ್ಬಿ ತೆರೆಯುತ್ತದೆ. 'ಮೊಮ್ಮಗಳ ಕಾಲಿಗೆ ಮೊದಲ ಬೂಟು' ಎಂಬ ಅಕ್ಷರ ಬರುತ್ತದೆ. ನಾನು ನಗುತ್ತ ಲೇಸು ಕಟ್ಟಿಕೊಳ್ಳುತ್ತೇನೆ. ಕಣವೆಂದರೇನು, ನಾವು ಅಲ್ಲಿ ಯಾಕೆ ಬರಿಗಾಲಲ್ಲಿದ್ದೆವು ಎಂಬ ಒಂದಕ್ಷರ ಇಲ್ಲ. ನೋಡಿದವರಿಗೆ ತಿಳಿಯುವುದು ಇಷ್ಟೇ: ಬೂಟಿಗೆ ಗತಿಯಿಲ್ಲದ ಹುಡುಗಿಯರು, ದಾನ ಮಾಡಿದ ಕಂಪನಿ.

ಅಪ್ಪನಿಗೆ ಅದನ್ನು ಆಫೀಸಿನಲ್ಲಿ ತೋರಿಸಿದರು. ಮನೆಗೆ ಬಂದವನು ಬೂಟು ಬಿಚ್ಚದೆ ಕಪಾಟಿನ ಮುಂದೆ ಕೂತ. ನನ್ನ ಶಾಲೆಯ ಕಪ್ಪು ಬೂಟು, ಆಟದ ಬಿಳಿ ಬೂಟು ಎರಡನ್ನೂ ತೆಗೆದು ನೆಲದ ಮೇಲಿಟ್ಟ. "ಇವನ್ನ ಯಾರು ಕೊಡಿಸಿದ್ರು?" ಎಂದ. ನೀನು ಎಂದೆ. "ಮತ್ತ ಅವರು ಯಾಕ ಹಂಗ ಹೇಳಾಕತ್ತಾರ?" ಎಂದ. ನಮ್ಮಪ್ಪನಿಗೆ ಆ ಸಂಜೆ ಆದದ್ದನ್ನು ನಾನು ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸುವುದಿಲ್ಲ.

ನಾನೂ ಸಾವಿತ್ರಿಯೂ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋದೆವು. ಅವನು ಒಂದು ಬೂಟಿನಂಗಡಿಯಲ್ಲಿ ಮಾಲು ಇಳಿಸುತ್ತಿದ್ದ. ನಮ್ಮನ್ನು ನೋಡಿ ಸಂತೋಷಪಟ್ಟ, ನಿಜವಾಗಿಯೂ ಸಂತೋಷಪಟ್ಟ. ಚಹಾ ಹೇಳಿದ. ಮುಂಬೈ, ದಿಲ್ಲಿಯ ಸ್ಕೇಟಿಂಗ್ ಮಂದಿ ವಿಡಿಯೋ ನೋಡಿ ಕುಣಿಯುತ್ತಿದ್ದಾರೆ, ನಗುತ್ತಿದ್ದವರೇ ಈಗ ಅಂಗಡಿಗೆ ಬಂದು ಆ ಬೂಟು ಕೇಳುತ್ತಿದ್ದಾರೆ ಎಂದ.

"ಅಮ್ಮಗ ಕೇಳೀನಿ ಅಂದ್ರಿ. ಕೇಳಿದ್ದಿಲ್ಲ" ಎಂದೆ ನಾನು.

"ಕೇಳಬೇಕಂತನೇ ಹೋಗಿದ್ದೆವಾ. ಮಲಗಿದ್ರು. ಎಬ್ಬಿಸೋದು ಹ್ಯಾಂಗ? ಬೆಳಕು ಹೋಗಾಕತ್ತಿತ್ತು."

"ನಮಗ್ಯಾಕ ಸುಳ್ಳು ಹೇಳಿದ್ರಿ?"

"ಖರೇ ಹೇಳಿದ್ರ ನೀವು ಹಾಕ್ಕೋತಿದ್ದಿಲ್ಲ" ಎಂದ. ಇದನ್ನು ಅವನು ಬಹಳ ಸಹಜವಾಗಿ, ಮಗುವಿಗೆ ಔಷಧಿ ಕುಡಿಸಿದವರ ಹಾಗೆ ಹೇಳಿದ. "ಒಂದು ಕಣ ಹೋತಂತ ಯಾಕ ಅಳ್ತೀರಿ? ಸಿಂಧನೂರಾಗ ಚೊಲೋ ಮೈದಾನ ಮಾಡಸ್ತೀನಿ. ಕಂಪನಿಯವರು ಒಪ್ಯಾರ. ಬೂಟು ಹಾಕ್ಕೊಂಡು ಆಡ್ರಿ, ಯಾರ ಹಂಗೂ ಬ್ಯಾಡ."

ಮಾತು ಉಳಿಸಿಕೊಂಡ. ಕಾಲೇಜು ರಸ್ತೆಯ ಬದಿಗೆ ಮೈದಾನವಾಯಿತು; ಇಳಿಜಾರುಗಳು, ಕಬ್ಬಿಣದ ಕಂಬಿಗಳು, ದೊಡ್ಡ ಬ್ಯಾನರು. ಮೂರು ಕಡೆ ರಸ್ತೆ. ಗೋಡೆ ಇಲ್ಲ, ಗೋಡೆ ಇದ್ದರೆ ಬ್ಯಾನರು ಯಾರಿಗೆ ಕಾಣಬೇಕು? ಮೊದಲ ದಿನ ನಾವು ಹೋದೆವು. ಚಹಾದಂಗಡಿಯಿಂದ ಮಂದಿ ಎದ್ದು ಬಂದರು, ಬೈಕುಗಳು ನಿಂತವು, ಫೋನುಗಳು ಮೇಲೆದ್ದವು. ಸಾವಿತ್ರಿ ಒಂದು ಸುತ್ತು ಬಂದಳು. ಸಿಳ್ಳೆ ಬಿತ್ತು. ಬಾಯಿ ಬಿಗಿದುಕೊಂಡು ಎರಡನೆಯ ಸುತ್ತು ಬರುವಷ್ಟರಲ್ಲಿ ಅವಳ ಅಣ್ಣ ಬಂದು ಬೈಕಿನ ಮೇಲೆ ಕೂರಿಸಿಕೊಂಡು ಹೋದ. ಹುಡುಗರು ಆಡಿದರು. ಈಗಲೂ ಆಡುತ್ತಾರೆ, ಚೆನ್ನಾಗಿ ಆಡುತ್ತಾರೆ. ಈ ಪುಸ್ತಕ ತರುತ್ತಿರುವವರು ಅವರೇ.

ಆಮೇಲೆ ಒಮ್ಮೆ ಮಸ್ಕಿಯ ಬಸ್ ನಿಲ್ದಾಣದಲ್ಲಿ ಎದುರಾದ. ಹುಡುಗಿಯರು ಯಾರೂ ಮೈದಾನಕ್ಕೆ ಬರುತ್ತಿಲ್ಲವಲ್ಲ ಎಂದು ನಾನು ಕೇಳಿದೆ. "ಜಾಗಾ ಕೊಟ್ಟೀನಿ. ಹುಡುಗೇರು ಬರಲಿಲ್ಲಂದ್ರ ನಾ ಏನ್ ಮಾಡ್ಲಿ ಹೇಳು?" ಎಂದ. ಹಾಗೆನ್ನುತ್ತ ಬಗ್ಗಿ ನನ್ನ ಚಪ್ಪಲಿಯ ತುದಿ ಒತ್ತಲು ಕೈ ಚಾಚಿದ. ಕಾಲು ಹಿಂದಕ್ಕೆ ತೆಗೆದುಕೊಂಡೆ. ನಮ್ಮ ಕೊನೆಯ ಭೇಟಿ ಅದು.

ಸತ್ತ ಸುದ್ದಿ ಬಂದ ಮೇಲೆ ಅವನ ಮನೆಗೆ ಹೋಗುವ ಮನಸ್ಸು ನನಗಿರಲಿಲ್ಲ. ಸಾವಿತ್ರಿ ಹೊರಡಿಸಿದಳು. ಅವಳನ್ನು ಮಸ್ಕಿಗೇ ಕೊಟ್ಟಿದ್ದಾರೆ. ಗಂಡನ ಕಿರಾಣಿ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತಾಳೆ, ಮೆಲ್ಲಗೆ ಮಾತಾಡುತ್ತಾಳೆ. "ಅವನ ಹೆಂಡ್ತಿ ಏನ್ ಮಾಡ್ಯಾಳ ಪಾಪ, ಮಾತಾಡಿಸಿ ಬರೂಣು" ಎಂದಳು. ಹೋದೆವು.

ಹೆಂಡತಿ ಸಣ್ಣ ಮೈಯ ಹೆಂಗಸು. ನಾವು ಯಾರೆಂದು ಹೇಳಿದ ಕೂಡಲೇ ಕೈ ಹಿಡಿದುಕೊಂಡರು. "ನಿಮ್ಮ ಸುದ್ದಿ ಭಾಳ ಹೇಳ್ತಿದ್ರು. ಬರ್ರಿ, ಮ್ಯಾಲ ಒಂದು ತೋರಸ್ತೀನಿ" ಎಂದು ಮಾಳಿಗೆಗೆ ಕರೆದುಕೊಂಡು ಹೊರಟರು. ಮೆಟ್ಟಿಲ ಬುಡದಲ್ಲಿ ನಿಂತು, "ಚಪ್ಪಲಿ ಇಲ್ಲೇ ಬಿಡ್ರಿ. ಮ್ಯಾಲ ಹಾಕ್ಕೊಂಡು ಹೋದ್ರ ಭಾಳ ಬೈತಿದ್ರು" ಎಂದರು.

ಮಾಳಿಗೆಯ ತುಂಬ ಸಿಮೆಂಟು, ಕನ್ನಡಿ ಹೊಳೆದಂತೆ ತಿಕ್ಕಿಸಿದ್ದು. ನಡುವೆ ಸ್ವಲ್ಪ ಎತ್ತರ, ಅಂಚಿಗೆ ಇಳಿಜಾರು. ಸಾವಿತ್ರಿ ನನ್ನ ರಟ್ಟೆ ಹಿಡಿದಳು. "ಲೇ, ಇದು ನಮ್ಮ ಕಣ" ಎಂದಳು.

"ದಿನಾ ಮುಂಜಾನೆ ಇದರ ಮ್ಯಾಲ ಆಡ್ತಿದ್ರು. ಬರಿಗಾಲಾಗ" ಎಂದರು ಆಕೆ. "ಓಣ್ಯಾಗಿನ ಮಂದಿ ನೋಡಿ ನಗ್ತಿದ್ರು. ನಗಲಿ ಬಿಡು ಅಂತಿದ್ರು. ಇಲ್ಲಿ ಇದ್ದಷ್ಟು ಖುಷಿ ಅವರು ಎಲ್ಲೂ ಇರ್ತಿದ್ದಿಲ್ಲ."

ಅಷ್ಟು ವರ್ಷ ಅವನ ಬರಿಗಾಲು ನಾಟಕ ಎಂದುಕೊಂಡಿದ್ದೆ. ನಾಟಕವಾಗಿದ್ದರೆ ಎಂದಾದರೂ ಮರೆಯುತ್ತಿದ್ದೆನೋ ಏನೋ. ಆ ಕಣ ಏನೆಂದು ಅವನಿಗೆ ಗೊತ್ತಿತ್ತು. ನಮ್ಮಷ್ಟೇ ಗೊತ್ತಿತ್ತು. ಗೊತ್ತಿದ್ದೇ ನಮ್ಮದನ್ನು ಕಳೆದ, ಕಳೆದು ತನಗೊಂದು ಮಾಡಿಕೊಂಡ.

ಮೂಲೆಯಲ್ಲಿ ಅವನ ಬೋರ್ಡು ಒರಗಿತ್ತು. "ಆಡ್ತಿಯೇನವಾ? ಆಡು" ಎಂದರು ಆಕೆ ಸಾವಿತ್ರಿಗೆ. ಅವಳು ಹಿಂದೆ ಮುಂದೆ ನೋಡಿದಳು. ಸೆರಗು ಬಿಗಿದು, ಸೀರೆಯನ್ನು ಎತ್ತಿ ಸಿಕ್ಕಿಸಿದಳು. ಬೋರ್ಡಿನ ಮೇಲೆ ಕಾಲಿಟ್ಟು ಬೆರಳುಗಳನ್ನು ಅಗಲಿಸಿದಳು. ಎತ್ತರದಿಂದ ಹೊರಟು ಅಂಚಿನವರೆಗೆ ಬಂದು, ಇನ್ನೇನು ಬಡಿದಳು ಎನ್ನುವಾಗ ಹಿಮ್ಮಡಿ ಒತ್ತಿ ತಿರುಗಿದಳು. ಒಂದೂ ಮರೆತಿರಲಿಲ್ಲ. ಅವಳ ಬಾಯಿ ತೆರೆಯಿತು.

ಪಕ್ಕದ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿ ರಿಪೇರಿ ಮಾಡುತ್ತಿದ್ದ ಇಬ್ಬರು ಕೆಲಸ ನಿಲ್ಲಿಸಿ ನಿಂತಿದ್ದರು. ಒಬ್ಬ ಜೇಬಿನಿಂದ ಫೋನು ತೆಗೆದ.

ಸಾವಿತ್ರಿ ಬೋರ್ಡಿನಿಂದ ಇಳಿದಳು. ಸಿಕ್ಕಿಸಿದ್ದ ಸೀರೆಯನ್ನು ಬಿಡಿಸಿ ಪಾದದವರೆಗೆ ಎಳೆದುಕೊಂಡಳು.

"ಯಾಕವಾ, ಇಷ್ಟಕ್ಕ ಸಾಕಾತೇನು?" ಎಂದರು ಆಕೆ.

"ಇಲ್ಲರೀ, ಗ್ವಾಡಿ ಗಿಡ್ಡ ಅದಾವ" ಎಂದಳು ಸಾವಿತ್ರಿ.

ಆಕೆ ಮಾಳಿಗೆಯ ಸುತ್ತಲಿನ ಮೊಣಕಾಲೆತ್ತರದ ಗೋಡೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಹೌದಲ್ಲ" ಎಂದರು. "ಅವರಿಗೆ ಇಷ್ಟು ಸಾಕಾಗ್ತಿತ್ತು."